ನಾಗರತ್ನಮ್ಮ ಓದಿದ ಪುಸ್ತಕ

ಗಿರಣಿಯ ರೀಲಿಂಗ್ ಖಾತೆಯ ಹೆಣ್ಣುಮಗಳೊಬ್ಬಳು ಕಳೆದ ತಿಂಗಳು ನನ್ನನ್ನು ತಡೆದು ಕೇಳಿದಳು: "ಮಾಸ್ತರೇ, ಸಭೆಗಳಲ್ಲಿ ನೀವು ಅಕ್ಕಮಹಾದೇವಿ ಅನ್ನುತ್ತೀರಿ. ಅವಳಾದ ಮೇಲೆ ಹೆಂಗಸರು ಬರೆಯುವುದನ್ನೇ ಬಿಟ್ಟುಬಿಟ್ಟರೇನು?" ನಾನು ವಾಚನಾಲಯದಿಂದ ಸಂಚಿಯ ಹೊನ್ನಮ್ಮನ 'ಹದಿಬದೆಯ ಧರ್ಮ' ತೆಗೆಸಿಕೊಟ್ಟೆ. ಮೂರು ನೂರು ವರ್ಷಗಳ ಹಿಂದೆ ಮೈಸೂರಿನ ಚಿಕ್ಕದೇವರಾಯರ ಅರಮನೆಯಲ್ಲಿ ಎಲೆಯಡಿಕೆಯ ಸಂಚಿ ಹಿಡಿಯುತ್ತಿದ್ದ ಊಳಿಗದವಳು ಬರೆದದ್ದು ಎಂದಾಗ ಅವಳಿಗೆ ಹಿಗ್ಗು. ಎಂಟು ದಿನ ಬಿಟ್ಟು ತಂದುಕೊಟ್ಟಳು. "ಗಂಡನ ಸೇವೆಯ ಮಾತು ಬಹಳವಾಯಿತು. ಆದರೆ ಹೆಣ್ಣೆಂದು ಹೀಗಳೆಯುವವರನ್ನು ಸರಿಯಾಗಿ ಕೇಳಿದ್ದಾಳೆ. ಇನ್ನೊಂದು ಕೊಡಿ" ಎಂದಳು.

ಆ ಇನ್ನೊಂದು ಸಿಗಲಿಲ್ಲ. ವಾಚನಾಲಯದ ಸಮಿತಿಯವರು ಕೆಲವು ಪುಸ್ತಕಗಳನ್ನು 'ಹೆಂಗಸರ ಕೈಗೆ ಕೊಡತಕ್ಕವಲ್ಲ' ಎಂದು ಬೇರೆ ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾರೆ. ಆ ಬೀಗವನ್ನು ನೋಡಿದ ದಿನದಿಂದ ನನಗೆ ಬೆಂಗಳೂರು ನಾಗರತ್ನಮ್ಮನವರ ನೆನಪು ಬಿಟ್ಟಿಲ್ಲ.

ನಾಗರತ್ನಮ್ಮನವರನ್ನು ಸಂಗೀತಗಾರ್ತಿಯೆಂದು ಹಲವರು ಬಲ್ಲರು. ಹುಟ್ಟಿದ್ದು 1878ರಲ್ಲಿ, ನಂಜನಗೂಡಿನಲ್ಲಿ. ದೇವದಾಸಿ ಕುಲ. ತಾಯಿಯನ್ನು ಇಟ್ಟುಕೊಂಡಿದ್ದ ವಕೀಲ ಕೈಬಿಟ್ಟ. ತಾಯಿ ಮಗಳು ಮೈಸೂರು, ಬೆಂಗಳೂರುಗಳಲ್ಲಿ ಅಲೆದರು. ಆ ಕಷ್ಟದಲ್ಲೂ ಹುಡುಗಿ ಸಂಗೀತ ಕಲಿತಳು, ಸಂಸ್ಕೃತ, ತೆಲುಗು ಕಲಿತಳು. ಮುಂದೆ ಮದರಾಸಿಗೆ ಹೋಗಿ ದೊಡ್ಡ ಹೆಸರು ಮಾಡಿದಳು. ಆದರೆ ನಾನು ಹೇಳಹೊರಟಿರುವುದು ಆಕೆಯ ಹಾಡಿನ ಮಾತಲ್ಲ, ಓದಿನ ಮಾತು.

ತಂಜಾವೂರಿನ ಚರಿತ್ರೆಗೆ ಸಂಬಂಧಪಟ್ಟ ಬರಹವೊಂದನ್ನು ಓದುವಾಗ ಆಕೆಗೆ ಮುದ್ದುಪಳನಿ ಎಂಬ ಹೆಸರು ಎದುರಾಯಿತು. 1739ರಿಂದ 1763ರವರೆಗೆ ಆಳಿದ ಪ್ರತಾಪಸಿಂಹನ ಆಸ್ಥಾನದ ಗಣಿಕೆ, ತೆಲುಗು ಕವಿ. ಆಕೆಯ ಕಾವ್ಯ 'ರಾಧಿಕಾ ಸಾಂತ್ವನಮು', 584 ಪದ್ಯಗಳದ್ದು. ರಾಧೆ ತಾನೇ ಸಾಕಿದ ಇಳೆಯೆಂಬ ಹುಡುಗಿಯನ್ನು ಕೃಷ್ಣನಿಗೆ ಮದುವೆ ಮಾಡಿಕೊಟ್ಟು, ಆಮೇಲೆ ಸಂಕಟ ತಾಳಲಾರದೆ ಮುನಿಯುತ್ತಾಳೆ. ಕೃಷ್ಣ ಬಂದು ಸಂತೈಸಬೇಕಾಗುತ್ತದೆ. ಇಷ್ಟೇ ಕಥೆ. ಆದರೆ ಆಸೆಯೂ ಸಿಟ್ಟೂ ಹೆಣ್ಣಿನ ಕಡೆಯಿಂದ, ಹೆಣ್ಣಿನ ಬಾಯಿಂದಲೇ ಹೊರಟಿವೆ.

ನಾಗರತ್ನಮ್ಮನವರ ಕೈಗೆ ಬಂದದ್ದು ಹಿಂದೆ ಅಚ್ಚಾಗಿದ್ದ ಒಂದು ಪ್ರತಿ. ಓದಿದರು, ಮತ್ತೆ ಮತ್ತೆ ಓದಿದರು. ಮುಂದೆ ಹಸ್ತಪ್ರತಿಯೊಂದು ಸಿಕ್ಕಿ, ಎರಡನ್ನೂ ಎದುರಿಗಿಟ್ಟು ನೋಡಿದಾಗ ಹೊಟ್ಟೆ ಉರಿಯಿತು. ಅಚ್ಚು ಹಾಕಿಸಿದವರು ಅನೇಕ ಪದ್ಯಗಳನ್ನು ಎತ್ತಿಹಾಕಿದ್ದರು. ಅಷ್ಟೇ ಆಗಿದ್ದರೆ ನಾಚಿಕೆಗೆ ಮಾಡಿದರು ಎನ್ನಬಹುದಿತ್ತು. ಪೀಠಿಕೆಯ ಪದ್ಯಗಳೂ ಮಾಯ! ಪೀಠಿಕೆಯಲ್ಲಿ ಏನಿತ್ತು? ಗಂಡು ಕವಿಗಳು ಅಪ್ಪ, ಅಜ್ಜ, ಮುತ್ತಜ್ಜರನ್ನು ಹೊಗಳಿಕೊಳ್ಳುವ ಜಾಗದಲ್ಲಿ ಮುದ್ದುಪಳನಿ ತನ್ನ ಅಜ್ಜಿಯನ್ನೂ ಮನೆತನದ ಹೆಂಗಸರನ್ನೂ ನೆನೆದಿದ್ದಳು. ತಾನೂ ಕವಿ ಎಂದು ಎದೆತಟ್ಟಿ ಹೇಳಿಕೊಂಡಿದ್ದಳು. ಅಲ್ಲಿ ಶೃಂಗಾರವಿಲ್ಲ, ಅಶ್ಲೀಲವಿಲ್ಲ. ಆದರೂ ಕತ್ತರಿ ಬಿತ್ತು. ಗಿರಣಿಯವರಿಗೆ ಇದನ್ನು ಬಿಡಿಸಿ ಹೇಳಬೇಕೆ? ಸರಕು ಬೇಕು, ನೇಯ್ದವರ ಹೆಸರು ಬೇಡ.

ಕಂದುಕೂರಿ ವೀರೇಶಲಿಂಗಂ ಪಂತುಲು ದೊಡ್ಡವರು. 1881ರಲ್ಲಿ ರಾಜಮಹೇಂದ್ರಿಯಲ್ಲಿ ವಿಧವಾವಿವಾಹ ಮಾಡಿಸಿ ಊರ ಬಯ್ಗುಳ ತಿಂದವರು. ಅವರ ವಿಷಯದಲ್ಲಿ ನನಗೆ ಗೌರವವುಂಟು. ಆದರೆ ತೆಲುಗು ಕವಿಗಳ ಚರಿತ್ರೆ ಬರೆಯುವಾಗ ಮುದ್ದುಪಳನಿಯ ಪಾಂಡಿತ್ಯವನ್ನು ಒಪ್ಪಿಕೊಂಡೂ ಆಕೆಯ ನಡತೆಯನ್ನು ಹಳಿದರು, ಆ ಕಾವ್ಯದ ಭಾಗಗಳು ಹೆಂಗಸರ ಕಿವಿಗೆ ತಕ್ಕವಲ್ಲ ಎಂದರು. ನಾಗರತ್ನಮ್ಮ ಬಿಡಲಿಲ್ಲ. 1910ರಲ್ಲಿ ಮದರಾಸಿನ ವಾವಿಳ್ಳ ರಾಮಸ್ವಾಮಿ ಶಾಸ್ತ್ರುಲು ಅಂಡ್ ಸನ್ಸ್ ಮೂಲಕ ಇಡೀ ಕಾವ್ಯವನ್ನು ತಿದ್ದಿ ಅಚ್ಚು ಹಾಕಿಸಿ, ಮುನ್ನುಡಿಯಲ್ಲಿ ಆ ಹಿರಿಯರಿಗೇ ಉತ್ತರ ಕೊಟ್ಟರು. ನಾಚಿಕೆಯೆಂಬುದು ಹೆಂಗಸರಿಗೆ ಮಾತ್ರ ಹೇಳಿಸಿದ್ದೋ, ಗಂಡಸರಿಗೆ ಬೇಡವೋ? ತಾವೇ ಪರಿಶೀಲಿಸಿ ಪ್ರಕಟಣೆಗೆ ಒಪ್ಪಿದ 'ವೈಜಯಂತೀ ವಿಲಾಸ'ದಲ್ಲಿ ಇದಕ್ಕಿಂತ ಹೆಚ್ಚಿನದು ಇಲ್ಲವೋ? ಗಂಡಸು ಬರೆದರೆ ರಸ, ಗಣಿಕೆ ಬರೆದರೆ ಹೊಲಸು — ಇದು ಯಾವ ತಕ್ಕಡಿ? ಇದು ನನ್ನ ಮಾತಿನಲ್ಲಿ ಅವರ ವಾದ.

ತಕ್ಕಡಿ ಹಿಡಿದಿದ್ದವರು ಸುಮ್ಮನಿರಲಿಲ್ಲ. ಪುಸ್ತಕ ಅಶ್ಲೀಲವೆಂದು ದೂರು ಹೋಯಿತು. ನಮ್ಮವರೇ ಆದ ವಿದ್ಯಾವಂತರು ಹೌದೆಂದರು, ಬಿಳಿಯ ಸರ್ಕಾರ ಒಪ್ಪಿತು; 1911ರಲ್ಲಿ ಪೋಲೀಸರು ಅಂಗಡಿಗೆ ನುಗ್ಗಿ ಪ್ರತಿಗಳನ್ನು ಎತ್ತಿಕೊಂಡು ಹೋದರು. ವ್ಯಾಪಾರಿ ಬಂಧುಗಳು ಇಲ್ಲಿ ಒಂದು ಗಳಿಗೆ ನಿಲ್ಲಬೇಕು. ವಾವಿಳ್ಳದವರೂ ಪುಸ್ತಕ ಮಾರಿ ಬದುಕುವವರೇ. ನಷ್ಟದ ಬಾಬ್ತೆಂದು ಕೈತೊಳೆದುಕೊಳ್ಳಬಹುದಿತ್ತು. ತೊಳೆದುಕೊಳ್ಳದೆ ಅರ್ಜಿ ಗುಜರಾಯಿಸಿದರು, ಪಂಡಿತರಿಂದ ಹೇಳಿಸಿದರು. ಆದರೂ ನಿಷೇಧ ಹೋಗಲು 1947 ಬರಬೇಕಾಯಿತು. ಅದಕ್ಕೆ ಟಂಗುಟೂರಿ ಪ್ರಕಾಶಂ ಅವರ ಕೈ ಬೇಕಾಯಿತು. ಸುಮಾರು 36 ವರ್ಷ ಒಂದು ಕಾವ್ಯ ಅಪರಾಧಿಯಾಗಿ ಕುಳಿತಿತ್ತು.

ನಾಗರತ್ನಮ್ಮ ಮಾತ್ರ ಕೂರಲಿಲ್ಲ. ತಿರುವಯ್ಯಾರಿನಲ್ಲಿ ಹಾಳುಬಿದ್ದಿದ್ದ ತ್ಯಾಗರಾಜರ ಸಮಾಧಿಗೆ ತನ್ನ ದುಡಿಮೆಯ ಹಣ ಸುರಿದು ಗುಡಿ ಕಟ್ಟಿಸಿದರು. 1926ರಲ್ಲಿ ಅದರ ಪ್ರತಿಷ್ಠೆಯಾಯಿತು. ಆದರೆ ಅಲ್ಲಿಯ ಆರಾಧನೆಯಲ್ಲಿ ಹೆಂಗಸರು ಹಾಡಕೂಡದು! ಕಟ್ಟಿಸಿದವಳು ಹೊರಗೆ. ಆಗ ಆಕೆ ಹೆಂಗಸರನ್ನೇ ಸೇರಿಸಿ ಸಮಾಧಿಯ ಹಿಂಭಾಗದಲ್ಲಿ ಬೇರೆ ಕಚೇರಿ ನಡೆಸಿದರು. ಕೊನೆಗೆ ಬಣಗಳು ಒಂದಾಗಿ ಹೆಂಗಸರಿಗೂ ಜಾಗ ಸಿಕ್ಕಿತು. 1952ರಲ್ಲಿ ತೀರಿಕೊಂಡ ಆಕೆಯ ಸಮಾಧಿಯೂ ಅಲ್ಲೇ ಇದೆ.

ದೇವದಾಸಿ ಪದ್ಧತಿ ನಿಲ್ಲಿಸುವ ಮಸೂದೆ ಬಂದಾಗ ನಾಗರತ್ನಮ್ಮ ಅದರ ವಿರುದ್ಧ ನಿಂತರು ಎಂಬುದನ್ನೂ ಮುಚ್ಚಿಡಬಾರದು. ಆ ಪದ್ಧತಿ ಹೋಗಬೇಕಾದದ್ದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಪದ್ಧತಿಯ ಜೊತೆಗೆ ಆ ಹೆಂಗಸರ ವಿದ್ಯೆಯನ್ನೂ ಹೊಟ್ಟೆಪಾಡನ್ನೂ ಗುಡಿಸಿ ಹಾಕಿದರೆ ಅವರಿಗೆ ಉಳಿಯುವುದೇನು ಎಂದು ಆಕೆ ಕೇಳಿದರೆ, ಆ ಪ್ರಶ್ನೆಯನ್ನು ನಾನು ತಪ್ಪೆನ್ನಲಾರೆ.

ಈಗ ನನ್ನದೇ ಒಂದು ಮಾತು. ಶಾಲೆಯಲ್ಲಿದ್ದಾಗ ಹುಡುಗಿಯರು ತರಗತಿಯಲ್ಲಿದ್ದರೆ ನಾನೂ ಪದ್ಯ ಹಾರಿಸಿ ಪಾಠ ಹೇಳುತ್ತಿದ್ದೆ. ಯಾರೂ ಹೇಳಿರಲಿಲ್ಲ, ನಾನಾಗಿ ಹಾರಿಸುತ್ತಿದ್ದೆ. ಅದೇ ತರಗತಿಯ ಗಂಡುಹುಡುಗರು ಆಮೇಲೆ ಬಂದು ಅರ್ಥ ಕೇಳಿದರೆ ಹೇಳಿಕೊಡುತ್ತಿದ್ದೆ. ಆದ್ದರಿಂದ ಬೀರುವಿಗೆ ಬೀಗ ಹಾಕಿದವರನ್ನು ಬಯ್ಯುವ ಮುಂಚೆ ನಾನು ಸ್ವಲ್ಪ ತಡವರಿಸಿದ್ದು ನಿಜ.

ಅಕ್ಕಮಹಾದೇವಿಯ ಪಟಕ್ಕೆ ಹಾರ ಹಾಕಲು ನಮ್ಮೂರಿನಲ್ಲಿ ಜನಕ್ಕೆ ಬರವಿಲ್ಲ. ಅದೇ 12ನೆಯ ಶತಮಾನದ ಆಯ್ದಕ್ಕಿ ಲಕ್ಕಮ್ಮ, ಅಕ್ಕಿ ಆಯ್ದು ಹೊಟ್ಟೆ ಹೊರೆದವಳು, ಗಂಡ ದಿನದ ಅಗತ್ಯಕ್ಕಿಂತ ಹೆಚ್ಚು ತಂದಾಗ ಹಿಂದಕ್ಕೆ ಸುರಿದು ಬಾ ಎಂದವಳು. ಅವಳ ಪಟಕ್ಕೆ ಹಾರ ಹಾಕುವ ಸೇಠರು ಇದ್ದರೆ ನಾನು ನೋಡಬೇಕು. ಸತ್ತವರಿಗೆ ಹಾರ ಹಾಕುವುದಕ್ಕೆ ಖರ್ಚು ಕಡಿಮೆ. ನಾಗರತ್ನಮ್ಮನ ಮೆಚ್ಚುಗೆಗೆ ಖರ್ಚಾಯಿತು: ಹಸ್ತಪ್ರತಿ ಹುಡುಕುವ ಖರ್ಚು, ಪಂಡಿತರ ದ್ವೇಷ, ಪೋಲೀಸರ ಕಾಟ.

ವಾಚನಾಲಯದ ಸಮಿತಿ ಮುಂದಿನ ಭಾನುವಾರ ಸೇರುತ್ತದೆ. ಆ ಬೀರುವಿನ ವಿಷಯವನ್ನು ನಾನು ಬರೆದುಕೊಟ್ಟಿದ್ದೇನೆ. ಎರಡನೆಯ ಪಾಳಿಯ ಹೆಂಗಸರಿಗಾಗಿ ಬೆಳಗ್ಗೆ ಎರಡು ಗಂಟೆ ಬಾಗಿಲು ತೆರೆಯಬೇಕೆಂಬುದನ್ನೂ ಸೇರಿಸಿದ್ದೇನೆ. ರೀಲಿಂಗ್ ಖಾತೆಯ ಆ ಹೆಣ್ಣುಮಗಳು ತಾನೂ ಬರುತ್ತೇನೆಂದಿದ್ದಾಳೆ. ಸದಸ್ಯತ್ವದ ರಸೀದಿ ಅವಳ ಹತ್ತಿರ ಇದೆ.