ಖಳನ ಹೆಸರಿನ ಹಿಂದೆ

ವೀಡಿಯೋ ಆಟದ ಹುಚ್ಚು ಹಿಡಿದ ಹುಡುಗರು ನಾಲ್ವರು ಒಂದೆಡೆ ಸೇರಿದಾಗ ಅವರ ಮಾತಿಗೆ ಕಿವಿಗೊಟ್ಟ ಹಿರಿಯರಿಗೆ ಒಂದು ಸಂಗತಿ ಸೋಜಿಗವೆನಿಸದಿರದು. ನಾಯಕನ ಕುಲಗೋತ್ರದ ವಿಷಯದಲ್ಲಿ ಅವರಿಗೆ ಅಷ್ಟಾಗಿ ಕುತೂಹಲವಿಲ್ಲ. ಚರ್ಚೆಯೆಲ್ಲ ಖಳನನ್ನು ಕುರಿತದ್ದು. ಅವನಿಗೆ ಆ ಹೆಸರು ಹೇಗೆ ಬಂತು? ಅವನು ಎಲ್ಲಿಯವನು? ಹೆಸರಿನ ಒಂದೊಂದು ಅಕ್ಷರಕ್ಕೂ ಒಬ್ಬೊಬ್ಬ ಹುಡುಗನ ಬಳಿ ಒಂದೊಂದು ವ್ಯಾಖ್ಯಾನ ಸಿದ್ಧವಾಗಿರುತ್ತದೆ.

1991ರಲ್ಲಿ ಜಪಾನಿನ ಕ್ಯಾಪ್‌ಕಾಮ್ ಸಂಸ್ಥೆ ಹೊರತಂದ ‘ಸ್ಟ್ರೀಟ್ ಫೈಟರ್ 2’ ಎಂಬ ಕಾಳಗದ ಆಟವನ್ನೇ ನೋಡಬಹುದು. ಅದರ ಮುಖ್ಯ ಖಳ ಕೆಂಪು ಸಮವಸ್ತ್ರದ ಸರ್ವಾಧಿಕಾರಿ, ಹೆಸರು ಎಂ. ಬೈಸನ್. ‘ಎಂ’ ಎಂದರೇನು? ‘ಮಾಸ್ಟರ್’ ಇರಬೇಕೆಂದರು ಕೆಲವರು. ಸೇನೆಯ ‘ಮೇಜರ್’ ಇರಬೇಕೆಂದರು ಇನ್ನು ಕೆಲವರು. ನಿಜಸಂಗತಿ ಬೇರೆಯೇ. ಜಪಾನಿನ ಮೂಲ ಆಟದಲ್ಲಿ ಆ ಹೆಸರು ಸರ್ವಾಧಿಕಾರಿಯದಲ್ಲ, ಅದೇ ಆಟದ ಒಬ್ಬ ಮುಷ್ಟಿಮಲ್ಲನದು. ‘ಎಂ’ ಎಂದರೆ ಮೈಕ್. ಲೋಕಪ್ರಸಿದ್ಧ ಮುಷ್ಟಿಮಲ್ಲ ಮೈಕ್ ಟೈಸನ್ನನ ಹೋಲಿಕೆ ಆ ಪಾತ್ರಕ್ಕೂ ಹೆಸರಿಗೂ ಎದ್ದು ಕಾಣುತ್ತಿದ್ದುದರಿಂದ, ಹೊರದೇಶಗಳಲ್ಲಿ ವ್ಯಾಜ್ಯ ಬಂದೀತೆಂಬ ಅಂಜಿಕೆಯಿಂದ ಮೂವರು ಪಾತ್ರಧಾರಿಗಳ ಹೆಸರುಗಳನ್ನು ಒಬ್ಬರಿಂದೊಬ್ಬರಿಗೆ ಬದಲಾಯಿಸಿದರು. ಜಪಾನಿನಲ್ಲಿ ‘ವೇಗಾ’ ಎನಿಸಿಕೊಂಡ ಸರ್ವಾಧಿಕಾರಿ ಕಡಲು ದಾಟುವಾಗ ‘ಎಂ. ಬೈಸನ್’ ಆದನು. ಆ ಅಕ್ಷರದಲ್ಲಿ ಯಾವ ಗೂಢವೂ ಇರಲಿಲ್ಲ. ಇದ್ದದ್ದು ವಕೀಲರ ಭಯ.

ಇದನ್ನು ಕೇಳಿ ಹುಡುಗರ ಊಹಾಪೋಹಕ್ಕೆ ನಗುವ ಹಿರಿಯರು ಒಂದು ಭಾನುವಾರ ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯಕ್ಕೆ ಹೋಗಿ ಬರುವುದು ಒಳ್ಳೆಯದು. ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರು. ಮಾಕಳಿದುರ್ಗದ ಬೆಟ್ಟಗಳ ನೆರೆಯಲ್ಲಿರುವ ಈ ಕ್ಷೇತ್ರದಲ್ಲಿ ಮೂಡಣಕ್ಕೆ ಮುಖಮಾಡಿದ ಸುಬ್ರಹ್ಮಣ್ಯನೂ ಪಡುವಣಕ್ಕೆ ಮುಖಮಾಡಿದ ನರಸಿಂಹನೂ ಒಂದೇ ಶಿಲೆಯಲ್ಲಿದ್ದಾರೆ. ಹಿಂಬದಿಯ ನರಸಿಂಹನ ದರ್ಶನ ಭಕ್ತರಿಗೆ ಕನ್ನಡಿಯಲ್ಲಿ ಆಗುತ್ತದೆ. ಈ ಸ್ಥಳದಲ್ಲಿ ಕುಮಾರಸ್ವಾಮಿಯು ಘಟಿಕಾಸುರನೆಂಬ ರಕ್ಕಸನನ್ನು ಸಂಹರಿಸಿದನೆಂದೂ, ಆದಕಾರಣ ಊರಿಗೆ ಘಾಟಿ ಎಂಬ ಹೆಸರು ಬಂದಿತೆಂದೂ ಪ್ರತೀತಿ. ‘ಘಟ’ ಎಂದರೆ ಗಡಿಗೆ, ಸರ್ಪದ ಹೆಡೆಯ ಹಿಂಬದಿ ಗಡಿಗೆಯ ಆಕಾರದ್ದು, ಅದರಿಂದ ಘಾಟಿ ಎಂದು ಬೇರೆ ಕೆಲವರು ಹೇಳುತ್ತಾರೆ. ಭಾಷೆಯನ್ನು ಬಲ್ಲವರಿಗೆ ಇವೆರಡಕ್ಕಿಂತ ಸರಳವಾದ ದಾರಿಯೊಂದು ಕಾಣುತ್ತದೆ. ಆಗುಂಬೆಯ ಘಾಟಿ, ಚಾರ್ಮಾಡಿಯ ಘಾಟಿ ಎನ್ನುವಾಗ ಕನ್ನಡಿಗರು ಹೇಳುವುದು ಬೆಟ್ಟಗಳ ನಡುವಣ ಕಣಿವೆಯ ಹಾದಿಯನ್ನು. ಘಾಟಿ ಸುಬ್ರಹ್ಮಣ್ಯವೂ ಬೆಟ್ಟಗಳ ನಡುವಿನ ಊರೇ ಆಗಿದೆ.

ಹಾಗಾದರೆ ರಕ್ಕಸನಿಂದ ಊರಿಗೆ ಹೆಸರು ಬಂತೇ, ಊರಿನಿಂದ ರಕ್ಕಸನಿಗೆ ಹೆಸರು ಬಂತೇ? ಎರಡನೆಯದೇ ಹೆಚ್ಚು ಸಂಭವನೀಯ. ಮೊದಲು ಹಾದಿ, ಹಾದಿಯಿಂದ ಊರಿನ ಹೆಸರು, ಹೆಸರಿನ ಅರ್ಥ ಮರೆತ ಮೇಲೆ ಅದನ್ನು ವಿವರಿಸಲು ಒಂದು ಕಥೆ, ಕಥೆಗೆ ಬೇಕಾದ ಖಳ. ಸ್ಥಳಪುರಾಣಗಳು ಬೆಳೆಯುವ ಕ್ರಮ ಅನೇಕ ಕಡೆ ಹೀಗೆಯೇ. ಇದರಿಂದ ಕ್ಷೇತ್ರದ ಮಹಿಮೆಗೆ ಕುಂದೇನೂ ಇಲ್ಲ. ಘಾಟಿಗೆ ಬರುವ ಭಕ್ತರು ನಾಗಪ್ರತಿಷ್ಠೆಗೂ ಹರಕೆಗೂ ಬರುತ್ತಾರೆಯೇ ಹೊರತು ಘಟಿಕಾಸುರನ ವ್ಯುತ್ಪತ್ತಿಯನ್ನು ವಿಚಾರಿಸಲು ಬರುವುದಿಲ್ಲ.

ಹೊಸಕೋಟೆಯಿಂದ ಚಿಂತಾಮಣಿಯ ದಾರಿ ಹಿಡಿದರೆ ಇದೇ ಬಗೆಯ ಇನ್ನೊಬ್ಬ ಖಳನ ಬೀಡು ದೊರೆಯುತ್ತದೆ. ಕೈವಾರವೇ ಮಹಾಭಾರತದ ಏಕಚಕ್ರಪುರ, ಭೀಮಸೇನನು ಬಂಡಿಯನ್ನ ಉಂಡು ಬಕಾಸುರನನ್ನು ಕೊಂದದ್ದು ಅಲ್ಲಿಯೇ, ಅವನನ್ನು ಹೂತದ್ದು ಆ ಬೆಟ್ಟಗಳ ಅಡಿಯಲ್ಲಿಯೇ ಎಂಬುದು ಆ ಸೀಮೆಯ ನಂಬಿಕೆ. ಆದರೆ ಬಂಗಾಳದ ಬೀರಭೂಮ್ ಜಿಲ್ಲೆಯಲ್ಲಿಯೂ ಏಕಚಕ್ರವೆಂಬ ಊರುಂಟು. ಬಿಹಾರದ ಆರಾ ಪಟ್ಟಣದವರೂ ಬಕಾಸುರನನ್ನು ತಮ್ಮವನೆನ್ನುತ್ತಾರೆ. ಒಬ್ಬ ರಕ್ಕಸ ಇಷ್ಟು ಕಡೆ ಸತ್ತಿರಲಾರ. ಊರೂರಿನ ಜನ ಮಹಾಭಾರತವನ್ನು ತಮ್ಮ ಮನೆಯ ಅಂಗಳಕ್ಕೆ ಕರೆತಂದ ಪ್ರೀತಿಯ ಗುರುತೆಂದು ಇದನ್ನು ತಿಳಿದರೆ ಯಾರಿಗೂ ಜಗಳವಿಲ್ಲ.

ಎಲ್ಲ ಖಳರ ವಿಷಯವೂ ಇಷ್ಟು ನಿರುಪದ್ರವಿಯಲ್ಲ. ಮಹಿಷಾಸುರನನ್ನೇ ನೋಡಬೇಕು. ಮಹಿಷನ ಊರು ಮೈಸೂರಾಯಿತೆಂದು ಶಾಲೆಯ ಮಕ್ಕಳೂ ಹೇಳುತ್ತಾರೆ. ಚಾಮುಂಡಿ ಬೆಟ್ಟದ ಮೇಲೆ ಕತ್ತಿ ಹಾವುಗಳನ್ನು ಹಿಡಿದ ಅವನ ಮೂರ್ತಿಯನ್ನು ನೋಡದ ಪ್ರವಾಸಿಗನಿಲ್ಲ. ಆದರೆ ದೇವಿಯು ಮಹಿಷನನ್ನು ಕೊಂದ ಕಥೆ ಬರುವ ಮಾರ್ಕಂಡೇಯ ಪುರಾಣದ ದೇವೀಮಾಹಾತ್ಮ್ಯವು ಆ ಯುದ್ಧ ಮೈಸೂರಿನಲ್ಲಿ ನಡೆಯಿತೆಂದು ಹೇಳುವುದಿಲ್ಲ. ಮಹಾಭಾರತದ ವನಪರ್ವದಲ್ಲಿಯಂತೂ ಮಹಿಷನನ್ನು ಕೊಲ್ಲುವವನು ಸ್ಕಂದ, ಎಂದರೆ ಘಾಟಿಯಲ್ಲಿ ನೆಲೆಸಿರುವ ಅದೇ ಕುಮಾರಸ್ವಾಮಿ! ಬೆಟ್ಟಕ್ಕೂ ಮಹಾಬಲಾದ್ರಿ ಎಂಬ ಹಳೆಯ ಹೆಸರುಂಟು. ಅದು ಅಲ್ಲಿನ ಮಹಾಬಲೇಶ್ವರನಿಂದ ಬಂದದ್ದು.

ಇನ್ನೊಂದು ಕಡೆ, ಅಶೋಕನ ಕಾಲದಲ್ಲಿ ಮಹಾದೇವನೆಂಬ ಭಿಕ್ಷುವನ್ನು ಮಹಿಷಮಂಡಲಕ್ಕೆ ಕಳುಹಿಸಲಾಯಿತೆಂದು ಸಿಂಹಳದ ಮಹಾವಂಶ ಹೇಳುತ್ತದೆ. ಅದು ಮೈಸೂರು ಸೀಮೆಯೆಂದು ಕೆಲವು ವಿದ್ವಾಂಸರು, ನರ್ಮದಾ ತೀರದ ಮಾಹಿಷ್ಮತಿಯ ಸೀಮೆಯೆಂದು ಬೇರೆ ಕೆಲವರು. ಈ ಎಳೆಯನ್ನು ಹಿಡಿದು, ಮಹಿಷನು ರಕ್ಕಸನಲ್ಲ, ಪ್ರಜೆಗಳನ್ನು ನ್ಯಾಯದಿಂದ ಆಳಿದ ಬೌದ್ಧ ದೊರೆ ಎಂದು ವಾದಿಸುವವರು ಮೈಸೂರಿನಲ್ಲಿ ಮಹಿಷ ದಸರಾ ಆಚರಿಸುತ್ತ ಬಂದಿದ್ದಾರೆ. 2019ರಲ್ಲಿಯೂ 2023ರಲ್ಲಿಯೂ ಅದರ ಸಲುವಾಗಿ ಬಿರುಸಾದ ವಾಗ್ವಾದ ನಡೆದು ಪೊಲೀಸರು ನಡುವೆ ಬರಬೇಕಾಯಿತು. ಪಾಲಿ ಗ್ರಂಥದಲ್ಲಿರುವುದು ಒಂದು ನಾಡಿನ ಹೆಸರು ಮಾತ್ರ. ಅದರಲ್ಲಿ ಮಹಿಷನೆಂಬ ದೊರೆಯ ಚರಿತ್ರೆಯಿಲ್ಲ. ಪುರಾಣದಲ್ಲಿರುವುದು ಒಬ್ಬ ಅಸುರ. ಅದರಲ್ಲಿ ಮೈಸೂರಿನ ವಿಳಾಸವಿಲ್ಲ. ಎರಡು ಪಕ್ಷಗಳೂ ಹೆಸರಿನ ಮೇಲೆ ಹೊರಿಸಿರುವ ಭಾರ, ಹೆಸರು ಹೊರಬಲ್ಲದ್ದಕ್ಕಿಂತ ಹೆಚ್ಚು.

ಹೀಗೆಂದು ಹೇಳಿ ಕೈತೊಳೆದುಕೊಳ್ಳುವುದೂ ನ್ಯಾಯವಲ್ಲ. ಜಾರ್ಖಂಡಿನ ಬೆಟ್ಟಗಾಡಿನಲ್ಲಿ ಅಸುರರೆಂಬ ಒಂದು ಬುಡಕಟ್ಟು ಇದೆ. ಕಬ್ಬಿಣದ ಅದಿರನ್ನು ಕರಗಿಸುವುದು ಅವರ ಪರಂಪರೆಯ ಕಸುಬು. ಅವರಲ್ಲಿ ಅನೇಕರು ಮಹಿಷನನ್ನು ತಮ್ಮ ಪೂರ್ವಜನೆಂದು ಎಣಿಸಿ, ನಾಡೆಲ್ಲ ಹಬ್ಬ ಮಾಡುವ ನವರಾತ್ರಿಯಲ್ಲಿ ಶೋಕವನ್ನು ಆಚರಿಸುತ್ತಾರೆ. ಶಾಲೆಯ ಪಾಠದಲ್ಲಿ ತನ್ನ ಕುಲದ ಹೆಸರು ಕೇಡಿಗನ ಹೆಸರಾಗಿ ಬಂದಾಗ ಆ ಮಗುವಿಗೆ ಏನೆನಿಸೀತು? ಆಟದ ಖಳ ಯಾರ ಅಜ್ಜನೂ ಅಲ್ಲ. ಪುರಾಣದ ಖಳ ಯಾರದೋ ಮನೆಯ ಹಿರಿಯನಾಗಿರಬಹುದು.

‘ಅಸುರ’ ಎಂಬ ಪದದ ಹಿಂದೆಯೂ ಇಂಥದೇ ಒಂದು ಎಡವಟ್ಟು ಇದೆ. ಋಗ್ವೇದದಲ್ಲಿ ಅದು ಗೌರವದ ಮಾತು. ವರುಣನಂಥ ದೇವತೆಗಳಿಗೆ ಸಲ್ಲುತ್ತಿದ್ದ ವಿಶೇಷಣ. ಪ್ರಾಚೀನ ಇರಾನಿನಲ್ಲಿ ಪರಮದೇವನ ಹೆಸರಿನಲ್ಲಿರುವ ‘ಅಹುರ’ ಇದರ ಸೋದರ ಶಬ್ದ. ಕಾಲಾಂತರದಲ್ಲಿ ಅದರ ಅರ್ಥ ಕೆಟ್ಟಿತು. ಬಳಿಕ ಬಂದವರು ಮೊದಲಿನ ‘ಅ’ಕಾರವನ್ನು ನಿಷೇಧಾರ್ಥವೆಂದು ತಿಳಿದು, ಅಸುರ ಎಂದರೆ ಸುರನಲ್ಲದವನು ಎಂದು ಬಿಡಿಸಿದರು, ಹಾಗೆ ಬಿಡಿಸಿದ್ದರಿಂದಲೇ ದೇವತೆಯೆಂಬರ್ಥದ ‘ಸುರ’ ಎಂಬ ಹೊಸ ಶಬ್ದ ಹುಟ್ಟಿತೆಂದು ಭಾಷಾಶಾಸ್ತ್ರಜ್ಞರ ಮತ. ಒಂದು ಅಕ್ಷರವನ್ನು ತಪ್ಪಾಗಿ ಬಿಡಿಸಿದ್ದರಿಂದ ದೇವತೆಗಳಿಗೇ ಒಂದು ಹೊಸ ಹೆಸರು ಬಂತು! ಎಂ. ಬೈಸನ್ನನ ‘ಎಂ’ಕಾರವನ್ನು ಹಿಡಿದು ಗುದ್ದಾಡುವ ಹುಡುಗರು ಬಹಳ ಹಳೆಯ ದಾರಿಯಲ್ಲಿಯೇ ನಡೆದಿದ್ದಾರೆ.

ಆದುದರಿಂದ ಮಕ್ಕಳ ಈ ಚರ್ಚೆಯನ್ನು ಕಾಲಹರಣವೆಂದು ಗದರಿಸುವ ಬದಲು ತಂದೆತಾಯಿಗಳು ಅದಕ್ಕೆ ಒಂದು ಪ್ರಶ್ನೆಯನ್ನು ಸೇರಿಸಬಹುದು: “ಈ ಮಾತು ಎಲ್ಲಿ ಮೊದಲು ದಾಖಲಾಗಿದೆ?” ಆಟದ ಖಳನ ವಿಷಯದಲ್ಲಿ ಈ ಪ್ರಶ್ನೆ ಕೇಳಲು ಕಲಿತ ಹುಡುಗ, ನಾಳೆ ಊರಿನ ಹೆಸರನ್ನೋ ನೆರೆಯವರ ಕುಲವನ್ನೋ ಕುರಿತು ಯಾರಾದರೂ ಬೀದಿಯಲ್ಲಿ ಕೂಗಿ ಹೇಳಿದಾಗಲೂ ಅದನ್ನೇ ಕೇಳುತ್ತಾನೆ. ಮಕ್ಕಳನ್ನು ಘಾಟಿಗೆ ಕರೆದೊಯ್ದಾಗ ಘಟಿಕಾಸುರನ ಕಥೆಯನ್ನು ಅವಶ್ಯವಾಗಿ ಹೇಳಬೇಕು. ಬೆಟ್ಟದ ಹಾದಿಯನ್ನೂ ತೋರಿಸಿ, ಘಾಟಿ ಎಂದರೆ ಏನೆಂದು ಕೇಳಬೇಕು. ಎರಡನ್ನೂ ತಿಳಿದ ಮಗು ಕಥೆಯನ್ನು ಕಳೆದುಕೊಳ್ಳುವುದಿಲ್ಲ, ಅದರಿಂದ ಮೋಸವನ್ನೂ ಹೋಗುವುದಿಲ್ಲ.