ಮೌನವು ಉಪಗೂಹನವಲ್ಲ

ಮಾರ್ಚ್ ತಿಂಗಳ ಕೊನೆಯ ವಾರ. ವರ್ಷದ ಲೆಕ್ಕ ಮುಗಿಸುವ ಗಡಿಬಿಡಿಯಲ್ಲಿ ಜವಳಿ ಅಂಗಡಿಯ ಗುಮಾಸ್ತನ ಪ್ಯಾಂಟು ಹಿಂಬದಿಯ ಹೊಲಿಗೆಯಲ್ಲಿ ಬಿಟ್ಟುಹೋಗುತ್ತದೆ. ಬೆಳಿಗ್ಗೆ ಹನ್ನೊಂದರಿಂದ ಸಂಜೆ ಏಳರವರೆಗೆ ಗಿರಾಕಿಗಳ ಮುಂದೆ, ಬ್ಯಾಂಕಿನ ಸಾಲಿನಲ್ಲಿ, ಯಜಮಾನರ ಎದುರಿನಲ್ಲಿ ಅವನು ಹಾಗೆಯೇ ಓಡಾಡುತ್ತಾನೆ. ನೋಡದವರಿಲ್ಲ, ಹೇಳಿದವರೂ ಇಲ್ಲ. ಮನೆಗೆ ಹೋದಾಗ ಹೆಂಡತಿಯಿಂದ ವಿಷಯ ತಿಳಿಯುತ್ತದೆ. ಆಮೇಲೆ ಅವನನ್ನು ಕಾಡುವುದು ಹೊಲಿಗೆಯಲ್ಲ. ಯಾರು ಯಾರು ನೋಡಿದ್ದರು, ನೋಡಿಯೂ ಯಾರು ಸುಮ್ಮನಿದ್ದರು ಎಂಬ ಎಂಟು ಗಂಟೆಗಳ ಲೆಕ್ಕ.

ದುಡಿಯುವ ಹೆಣ್ಣುಮಕ್ಕಳ ಪಾಡು ಇದಕ್ಕಿಂತ ಕಠಿಣ. ಸೀರೆಗೆ ಮುಟ್ಟಿನ ಕಲೆ ತಾಗಿದಾಗ ಗಂಡಸರು ಮುಖ ತಿರುಗಿಸುತ್ತಾರೆ, ಅದಿರಲಿ; ಪಕ್ಕದ ಮೇಜಿನ ಹೆಂಗಸೂ ಕಡತದೊಳಗೆ ತಲೆ ಹುದುಗಿಸುತ್ತಾಳೆ. ಮಡಿ-ಮೈಲಿಗೆಯ ಸಂಕೋಚವನ್ನು ಸಭ್ಯತೆ ಎಂದು ಕರೆಯುವುದು ರೂಢಿಯಾಗಿದೆ.

ಸುಮ್ಮನಿದ್ದವರ ಸಮಜಾಯಿಷಿ ಒಂದೇ: ಹೇಳಿದರೆ ಅವರಿಗೆ ಮುಜುಗರವಾದೀತು. ವಾಸ್ತವದಲ್ಲಿ ಈ ಮುಜುಗರ ಹೇಳಬೇಕಾದವನದೇ. 2022ರಲ್ಲಿ ಅಮೆರಿಕದ ಮನೋವಿಜ್ಞಾನ ನಿಯತಕಾಲಿಕವೊಂದರಲ್ಲಿ ಪ್ರಕಟವಾದ ಅಧ್ಯಯನದ ಪೂರ್ವಭಾವಿ ಪ್ರಯೋಗದಲ್ಲಿ, ಮುಖದ ಮೇಲೆ ಆಹಾರವನ್ನೋ ಮಸಿಯನ್ನೋ ಅಂಟಿಸಿಕೊಂಡವರು ಜನರಿಗೆ ಪ್ರಶ್ನಾವಳಿ ನೀಡಿದರು. ಅದನ್ನು ತಿಳಿಸಿದವರು ನೂರಕ್ಕೆ 3ಕ್ಕಿಂತಲೂ ಕಡಿಮೆ. ಎದುರಿನವರು ತಿಳಿಯಲು ಎಷ್ಟು ಬಯಸುತ್ತಾರೆಂಬುದನ್ನು ಹೇಳಬೇಕಾದವರು ಕಡಿಮೆಯಾಗಿ ಎಣಿಸುತ್ತಾರೆ. ತಾವೇ ಆ ಸ್ಥಾನದಲ್ಲಿದ್ದರೆ ಎಂದು ಭಾವಿಸಿದಾಗ ಎಣಿಕೆ ಸತ್ಯಕ್ಕೆ ಹತ್ತಿರವಾಗುತ್ತದೆ ಎಂಬುದು ಆ ಅಧ್ಯಯನದ ಮುಂದಿನ ಪ್ರಯೋಗಗಳಿಂದ ಕಂಡುಬಂದಿತು.

ಶ್ರಾವಕರಲ್ಲಿ ಕೆಲವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಈ ಮೌನಕ್ಕೆ ಉಪಗೂಹನದ ಹೆಸರು ಕೊಡುತ್ತಾರೆ. ಪರರ ದೋಷವನ್ನು ಮುಚ್ಚುವುದು ಸಮ್ಯಗ್ದರ್ಶನದ ಅಂಗವಲ್ಲವೇ ಎಂಬುದು ಅವರ ಪ್ರಶ್ನೆ. ಅಂಗವೇ ಹೌದು. ಆದರೆ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹೇಳಿರುವುದು ಅಜ್ಞರಿಂದಲೂ ಅಶಕ್ತರಿಂದಲೂ ಮಾರ್ಗಕ್ಕೆ ತಗಲುವ ನಿಂದೆಯನ್ನು ಒರೆಸುವ ವಿಚಾರ. ಒರೆಸುವುದು ಒಂದು ಕ್ರಿಯೆ. ಕಣ್ಣು ಮುಚ್ಚಿ ಕುಳಿತರೆ ಏನೂ ಒರೆಸಿದಂತಾಗುವುದಿಲ್ಲ. ಈ ಅಂಗಕ್ಕೆ ಅವರು ಹೆಸರಿಸಿದ ಜಿನೇಂದ್ರಭಕ್ತ ಶ್ರೇಷ್ಠಿಯ ಕಥೆಯನ್ನೇ ಪೂರ್ತಿಯಾಗಿ ಓದಬೇಕು. ತ್ಯಾಗಿಯ ವೇಷದಲ್ಲಿ ಬಂದ ಕಳ್ಳನು ರತ್ನವನ್ನು ಕದ್ದು ಸಿಕ್ಕಿಬಿದ್ದಾಗ, ತನ್ನ ಮಾತಿನಂತೆಯೇ ಅವನು ಅದನ್ನು ತಂದನೆಂದು ಶ್ರೇಷ್ಠಿಯು ಕಾವಲುಗಾರರಿಗೆ ಹೇಳಿ ಕಳುಹಿಸಿದನು. ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಅದೇ ರಾತ್ರಿ ಅವನನ್ನು ಮನೆಯಿಂದ ಹೊರಗೆ ಅಟ್ಟಿದನು. ನಾಲ್ಕು ಜನರೆದುರು ಮುಚ್ಚಿದನು, ಏಕಾಂತದಲ್ಲಿ ಬಿಡಲಿಲ್ಲ. ಗುಮಾಸ್ತನ ಸಹೋದ್ಯೋಗಿಗಳು ಮಾಡುವುದು ಇದರ ತಲೆಕೆಳಗು: ಅವನೆದುರು ಮೌನ, ಚಹಾದ ಹೊತ್ತಿಗೆ ನಾಲ್ಕು ಜನರೊಡನೆ ನಗು.

ಎಲ್ಲವನ್ನೂ ಹೇಳಬೇಕೆಂದೇನೂ ಇಲ್ಲ. ಬೋಳುತಲೆ, ಸ್ಥೂಲಕಾಯ, ಹಳೆಯ ಅಂಗಿ ಇವು ಯಾರ ಟೀಕೆಗೂ ವಿಷಯವಲ್ಲ. ಅಲ್ಲಿ ಬಾಯಿ ತೆರೆಯುವುದೇ ಹಿಂಸೆ. ಐದು ನಿಮಿಷದಲ್ಲಿ ಸರಿಪಡಿಸಬಹುದಾದದ್ದನ್ನು ಮಾತ್ರ, ಒಬ್ಬನೇ ಇರುವಾಗ, ಒಂದೇ ವಾಕ್ಯದಲ್ಲಿ ತಿಳಿಸಿದರೆ ಸಾಕು. ಗುಮಾಸ್ತನು ಯಜಮಾನನಿಗೆ ಹೇಳಲು ಅಂಜುವುದು ಸಹಜ. ಯಜಮಾನನಿಗೆ ಆ ನೆಪವಿಲ್ಲ.

ಬಸದಿಗಳ ಟ್ರಸ್ಟ್ ಕಚೇರಿಗಳಲ್ಲಿ ಒಂದು ಕನ್ನಡಿ, ಸೂಜಿ-ದಾರ, ಸೇಫ್ಟಿ ಪಿನ್ನು, ಹೆಣ್ಣುಮಕ್ಕಳಿಗೆ ಬೇಕಾದ ಪ್ಯಾಡುಗಳು, ಹೊದೆಯಲು ಒಂದು ಶಾಲು ಇಷ್ಟನ್ನು ಬೀಗವಿಲ್ಲದ ಕಪಾಟಿನಲ್ಲಿ ಇಡಬಹುದು. ಯಾವ ಬಾಬ್ತಿನಲ್ಲಿ ಬರೆಯುವುದೆಂದು ಕಾರ್ಯದರ್ಶಿಗಳು ಕೇಳಿದರೆ, ಕಚೇರಿ ಖರ್ಚು ಎಂದು ಬರೆಯಲಿ, ಲೆಕ್ಕಪರಿಶೋಧಕರು ಆಕ್ಷೇಪಿಸಲಾರರು.