ಬೀದರದ ಎರಡು ಝರಿಗಳು ಮತ್ತು ರೇಡಿಯೊದಲ್ಲಿ ಧರ್ಮದ ಮಾತು



ಬೀದರಕ್ಕೆ ಹೋಗಿ ಬಂದವರಿಗೆ ಅಲ್ಲಿನ ಎರಡು ಝರಿಗಳ ಪರಿಚಯವಿರುತ್ತದೆ. ಒಂದು ನರಸಿಂಹ ಝರಣಿ. ಗುಹೆಯೊಳಗೆ ನೀರಿನಲ್ಲೇ ನಡೆದು ಹೋಗಿ ಸ್ವಾಮಿಯ ದರ್ಶನ ಪಡೆಯಬೇಕು. ಇನ್ನೊಂದು ಗುರುನಾನಕ್ ಝೀರಾ. ಗುರುನಾನಕರು ಬಂದಾಗ ಇಲ್ಲಿ ಸಿಹಿನೀರಿನ ಬುಗ್ಗೆ ಹರಿಯಿತು ಎಂಬುದು ಭಕ್ತರ ನಂಬಿಕೆ. ಒಂದು ವೈಷ್ಣವರ ಕ್ಷೇತ್ರ, ಇನ್ನೊಂದು ಸಿಖ್ಖರ ಕ್ಷೇತ್ರ, ಊರು ಮಾತ್ರ ಒಂದೇ. ಜಹೀರಾಬಾದ್ ಕಡೆಯ ನಮ್ಮ ಸದಸ್ಯರಲ್ಲಿ ಬೆಳಿಗ್ಗೆ ಒಂದಕ್ಕೆ ಹೋಗಿ, ಮಧ್ಯಾಹ್ನ ಇನ್ನೊಂದರ ಲಂಗರಿನಲ್ಲಿ ಊಟ ಮಾಡಿ ಮನೆಗೆ ಮರಳುವವರೂ ಇದ್ದಾರೆ.

ನವೆಂಬರ್ 2025ರಲ್ಲಿ ಸಿಖ್ಖರ ಒಂಬತ್ತನೆಯ ಗುರು ತೇಗ್ ಬಹಾದೂರರ ಬಲಿದಾನಕ್ಕೆ 350 ವರ್ಷ ತುಂಬಿತು. ದೇಶದ ಉದ್ದಗಲಕ್ಕೂ ಅದರ ಸ್ಮರಣೆ ನಡೆಯಿತು. ಇದರ ಹಿನ್ನೆಲೆಯಲ್ಲಿ ನಮ್ಮ ಸಭೆಯಲ್ಲಿ ಒಂದು ಸಲಹೆ ಬಂತು: ಹರಿದಾಸರ ಮತ್ತು ಸಿಖ್ ಗುರುಗಳ ಬೋಧನೆಗಳ ಬಗ್ಗೆ ಕನ್ನಡದಲ್ಲಿ ರೇಡಿಯೊ ಸಂದರ್ಶನವೊಂದನ್ನು ನಾವೇಕೆ ಮಾಡಿಸಬಾರದು? ಕೆಲವರು "ಎರಡೂ ಭಕ್ತಿಯೇ, ಎರಡೂ ಒಂದೇ, ಸುಲಭವಾಗಿ ಆಗುತ್ತದೆ" ಎಂದರು. ಇನ್ನು ಕೆಲವರು "ಧರ್ಮದ ವಿಷಯ ಕನ್ನಡ ಸಂಘಕ್ಕೆ ಬೇಡ, ನಾಳೆ ತಂಟೆ ಬರುತ್ತದೆ" ಎಂದರು. ಎರಡೂ ಮಾತನ್ನು ನಾವು ಪೂರ್ತಿ ಒಪ್ಪಲಾರೆವು. ಯಾಕೆಂದು ಇಲ್ಲಿ ಬರೆಯುತ್ತಿದ್ದೇವೆ.

ಲಂಡನ್ನಿನಲ್ಲಿ ಆದದ್ದು

ಬಿಬಿಸಿ ರೇಡಿಯೊ 4ರ ಬೆಳಗಿನ ಸುದ್ದಿ ಕಾರ್ಯಕ್ರಮದ ನಡುವೆ 'ಥಾಟ್ ಫಾರ್ ದ ಡೇ' ಎಂಬ ಸುಮಾರು ಮೂರು ನಿಮಿಷದ ಭಾಗವಿದೆ. ನಮ್ಮ ಆಕಾಶವಾಣಿಯ 'ಚಿಂತನ' ಇದ್ದ ಹಾಗೆ. ಬೇರೆ ಬೇರೆ ಧರ್ಮದವರು ಅಂದಿನ ಸುದ್ದಿಯನ್ನು ತಮ್ಮ ನಂಬಿಕೆಯ ಬೆಳಕಿನಲ್ಲಿ ನೋಡಿ ಮಾತನಾಡುತ್ತಾರೆ. ವೈಷ್ಣವ ಪರಂಪರೆಯ ಅಖಂಡಧಿ ದಾಸ್ ಅಲ್ಲಿ ಮಾತನಾಡಿದವರು. ಸಿಖ್ಖರ ಕಡೆಯಿಂದ ಇಂದರ್‌ಜಿತ್ ಸಿಂಗ್ ಸುಮಾರು 35 ವರ್ಷ ಮಾತನಾಡಿದರು. ಬ್ರಿಟನ್ನಿನ ಲಕ್ಷಾಂತರ ಕೇಳುಗರಿಗೆ ಸಿಖ್ ಧರ್ಮವೆಂದರೆ ಏನೆಂದು ಗೊತ್ತಾದದ್ದು ಬಹುಮಟ್ಟಿಗೆ ಈ ಮೂರು ನಿಮಿಷಗಳಿಂದ.

2019ರ ಅಕ್ಟೋಬರಿನಲ್ಲಿ ಅವರು ಆ ಕಾರ್ಯಕ್ರಮವನ್ನು ಬಿಟ್ಟ ಸುದ್ದಿ ಬಂತು. ಕಾರಣ ಗುರು ತೇಗ್ ಬಹಾದೂರರ ಕುರಿತ ಒಂದು ಮಾತು. ಕಾಶ್ಮೀರದ ಪಂಡಿತರ ಧರ್ಮಸ್ವಾತಂತ್ರ್ಯದ ಪರವಾಗಿ ನಿಂತದ್ದಕ್ಕೆ ಔರಂಗಜೇಬನ ಕಾಲದಲ್ಲಿ, 1675ರಲ್ಲಿ, ದೆಹಲಿಯಲ್ಲಿ ಗುರುಗಳ ತಲೆ ಕಡಿಯಲಾಯಿತೆಂಬುದು ಸಿಖ್ ಪರಂಪರೆ ಹೇಳುವ ಇತಿಹಾಸ. ಇದನ್ನು ಹೇಳಿದರೆ ಮುಸ್ಲಿಮರಿಗೆ ನೋವಾಗಬಹುದೆಂದು ತಮ್ಮ ಮಾತನ್ನು ತಡೆಯಲು ನೋಡಿದರು ಎಂಬುದು ಅವರ ಆರೋಪ. ಅವರು ಪಟ್ಟು ಹಿಡಿದದ್ದರಿಂದ 2018ರ ನವೆಂಬರಿನಲ್ಲಿ ಅದು ಪ್ರಸಾರವಾಯಿತು. ಬಿಬಿಸಿ ಅವರ ಆರೋಪವನ್ನು ಒಪ್ಪಲಿಲ್ಲ.

ಯಾರು ಸರಿ ಎಂದು ತೀರ್ಪು ಕೊಡುವುದು ನಮ್ಮ ಕೆಲಸವಲ್ಲ. ಆದರೆ ನಮಗೆ ಇಲ್ಲೊಂದು ಪಾಠವಿದೆ. ಆ ಮಾತಿನ ತಿರುಳೇನು? ತನ್ನದಲ್ಲದ ಧರ್ಮದವರು ತಮ್ಮ ಪೂಜೆಯನ್ನು ತಾವು ಮಾಡಿಕೊಳ್ಳಲಿ ಎಂದು ಒಬ್ಬರು ಪ್ರಾಣ ಕೊಟ್ಟರು ಎಂಬುದು. ಸೌಹಾರ್ದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಸಿಗುವುದು ಕಷ್ಟ. ಜಾಗ್ರತೆಯ ಹೆಸರಿನಲ್ಲಿ ಅದನ್ನೇ ಬಿಟ್ಟರೆ ಉಳಿಯುವುದು "ಎಲ್ಲರೂ ಚೆನ್ನಾಗಿರೋಣ" ಎಂಬ ಸಪ್ಪೆ ಮಾತು. ಹಾಗೆಂದು ಅದನ್ನೇ ಇಂದಿನ ನೆರೆಹೊರೆಯವರ ಮೇಲೆ ಎತ್ತಿ ಹಾಕುವ ಕಲ್ಲು ಮಾಡಿಕೊಂಡರೆ ಗುರುಗಳ ಬಲಿದಾನಕ್ಕೇ ಅವಮಾನ. ಮೈಕಿನ ಮುಂದೆ ಕುಳಿತವರು ಈ ಎರಡರ ನಡುವೆ ದಾರಿ ಹುಡುಕಬೇಕು.

ಆದೋನಿಯ ನಮ್ಮ ಸದಸ್ಯರಿಗೆ ಈ ಹೊತ್ತಿನಲ್ಲಿ ಇನ್ನೊಂದು ಸಂಗತಿ ನೆನಪಾಗಬಹುದು. ಗುರು ತೇಗ್ ಬಹಾದೂರರ ಬಲಿದಾನಕ್ಕೆ ನಾಲ್ಕು ವರ್ಷ ಮೊದಲು, 1671ರಲ್ಲಿ, ಮಂತ್ರಾಲಯದಲ್ಲಿ ರಾಘವೇಂದ್ರ ಸ್ವಾಮಿಗಳು ವೃಂದಾವನ ಪ್ರವೇಶ ಮಾಡಿದರು. ಆ ಊರನ್ನು, ಅಂದಿನ ಮಂಚಾಲೆಯನ್ನು, ರಾಯರಿಗೆ ಕೊಟ್ಟವನು ಆದೋನಿಯ ನವಾಬ ಸಿದ್ದಿ ಮಸೂದ್ ಖಾನ್ ಎಂಬುದು ಪ್ರತೀತಿ. ಒಂದೇ ಕಾಲದ ಈ ಎರಡು ಪ್ರಸಂಗಗಳನ್ನು ಒಟ್ಟಿಗೆ ಹೇಳಿದರೆ ಕೇಳುಗರಿಗೆ ಪೂರ್ತಿ ಚಿತ್ರ ಸಿಗುತ್ತದೆ. ಒಂದನ್ನೇ ಹೇಳಿ ಇನ್ನೊಂದನ್ನು ಬಿಟ್ಟರೆ ಅರ್ಧ ಚಿತ್ರ.

ಎರಡೂ ಒಂದೇ ಅಲ್ಲ

ಇನ್ನು "ಎರಡೂ ಒಂದೇ" ಎಂಬ ಮಾತು. ಹೋಲಿಕೆಗಳು ಬಹಳ ಇವೆ, ನಿಜ. ಗುರುನಾನಕರ ಕಾಲ 1469ರಿಂದ 1539. ಪುರಂದರದಾಸರೂ ಹೆಚ್ಚುಕಡಿಮೆ ಅದೇ ಕಾಲದವರು. ಇಬ್ಬರೂ ಪಂಡಿತರ ಭಾಷೆ ಬಿಟ್ಟು ಜನರ ಭಾಷೆಯಲ್ಲಿ ಹಾಡಿದರು. ಇಬ್ಬರಿಗೂ ನಾಮಸ್ಮರಣೆ ಮುಖ್ಯ. ಇಬ್ಬರಿಗೂ ಸಂಗೀತವೇ ವಾಹನ: ಗುರು ಗ್ರಂಥ ಸಾಹಿಬ್ 31 ರಾಗಗಳಲ್ಲಿ ಜೋಡಿಸಿದ ಗ್ರಂಥ, ನಮ್ಮ ದಾಸರ ಪದ, ಸುಳಾದಿ, ಉಗಾಭೋಗಗಳೂ ಹಾಡಿಗೆಂದೇ ಹುಟ್ಟಿದವು. ಕುಲದ ಹೆಮ್ಮೆಯನ್ನು ಕನಕದಾಸರು ಪ್ರಶ್ನಿಸಿದರು. ಲಂಗರಿನಲ್ಲಿ ಎಲ್ಲರನ್ನೂ ಒಂದೇ ಸಾಲಿನಲ್ಲಿ ಕೂರಿಸಿ ಸಿಖ್ಖರು ಅದನ್ನು ಕೈಯಾರೆ ಮಾಡಿ ತೋರಿಸಿದರು.

ಇವರನ್ನು ಕೂಡಿಸುವ ಗಟ್ಟಿ ಕೊಂಡಿಯೂ ಇದೆ, ಅದು ನಮ್ಮ ಸೊಲ್ಲಾಪುರ ಜಿಲ್ಲೆಯಲ್ಲೇ ಇದೆ. ಪಂಢರಪುರದ ವಿಠಲನ ಭಕ್ತ ನಾಮದೇವರ 61 ಪದಗಳು ಗುರು ಗ್ರಂಥ ಸಾಹಿಬ್‌ನಲ್ಲಿವೆ. ಪಂಜಾಬಿನ ಘುಮಾನ್‌ನಲ್ಲಿ ಅವರ ನೆನಪಿನ ಕ್ಷೇತ್ರವಿದೆ, 2015ರಲ್ಲಿ ಅಖಿಲ ಭಾರತ ಮರಾಠಿ ಸಾಹಿತ್ಯ ಸಮ್ಮೇಳನ ನಡೆದದ್ದು ಅಲ್ಲೇ. ಅದೇ ವಿಠಲ ನಮ್ಮ ಹರಿದಾಸರ ಅಂಕಿತ: ಪುರಂದರವಿಠಲ, ವಿಜಯವಿಠಲ. ಅವನು ಕನ್ನಡದವನು ಎಂದು ಮರಾಠಿ ಸಂತರೇ ಹಾಡಿದ್ದಾರೆ. ಭಾಷೆಯ ಹೆಸರಿನಲ್ಲಿ ಗಡಿಯ ಜಗಳ ಕಂಡ ನಮಗೆ, ಕನ್ನಡ, ಮರಾಠಿ, ಪಂಜಾಬಿ ಮೂರರಲ್ಲೂ ಓಡಾಡಿದ ಈ ದೇವರ ಕಥೆ ಸಣ್ಣದಲ್ಲ.

ಆದರೂ ಎರಡು ಒಂದಲ್ಲ. ಮಾಧ್ವ ಪರಂಪರೆಯ ದಾಸರಿಗೆ ಜೀವ ಬೇರೆ, ಹರಿ ಬೇರೆ. ಹರಿಗೆ ರೂಪವಿದೆ, ಗುಡಿಯಿದೆ, ಅವತಾರಗಳಿವೆ. ಸಿಖ್ಖರಿಗೆ ದೇವರು ನಿರಾಕಾರ, ಹುಟ್ಟಿ ಬರುವವನಲ್ಲ. ಮೂರ್ತಿಪೂಜೆ ಇಲ್ಲ. ಗ್ರಂಥವೇ ಗುರು. ನಾಮದೇವರ ಪದಗಳಲ್ಲಿ ಬರುವ ವಿಠಲನನ್ನೂ ಸಿಖ್ಖರು ಆ ನಿರಾಕಾರನ ಹೆಸರೆಂದೇ ಓದುತ್ತಾರೆ. "ನೀವೂ ನಮ್ಮವರೇ, ನಿಮ್ಮದೂ ನಮ್ಮದರ ಒಂದು ಕೊಂಬೆ" ಎಂದು ನಾವು ಪ್ರೀತಿಯಿಂದ ಹೇಳಿದರೂ ಅವರಿಗೆ ಅದು ಪ್ರೀತಿಯಾಗಿ ಕೇಳಿಸುವುದಿಲ್ಲ. ಇದು ನಮಗೆ ಅರ್ಥವಾಗಬೇಕು. ಗಡಿಯಾಚೆಯ ಕನ್ನಡಿಗರಿಗೆ "ನಿಮ್ಮ ಭಾಷೆಯೂ ಹೆಚ್ಚುಕಡಿಮೆ ನಮ್ಮದೇ, ಬೇರೆ ಶಾಲೆ ಯಾಕೆ?" ಎಂದು ಯಾರಾದರೂ ಹೇಳಿದಾಗ ಹೇಗನ್ನಿಸುತ್ತದೆ? ಹಾಗೆಯೇ ಇದೂ.

ಆದ್ದರಿಂದ ಸಂದರ್ಶನವೆಂದರೆ ಇಬ್ಬರು ಬೇಕು. ದಾಸ ಪರಂಪರೆಯ ಬಗ್ಗೆ ಅದರಲ್ಲಿ ಬಾಳಿದವರೇ ಹೇಳಲಿ, ಗುರುಬಾನಿಯ ಬಗ್ಗೆ ಸಿಖ್ಖರೇ ಹೇಳಲಿ. ಬೀದರದಲ್ಲಿ ತಲೆಮಾರುಗಳಿಂದ ನೆಲೆಸಿರುವ ಸಿಖ್ ಕುಟುಂಬಗಳಿವೆ. 1699ರಲ್ಲಿ ಖಾಲ್ಸಾ ಸ್ಥಾಪನೆಯಾದಾಗ ತಲೆ ಕೊಡಲು ಮುಂದೆ ಬಂದ ಐವರಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗರು ಬೀದರದವರು ಎಂಬುದು ಅಲ್ಲಿನವರ ಹೆಮ್ಮೆ. ಕೇಳುವವರು ಪ್ರಶ್ನೆ ಕೇಳಲಿ, ಪ್ರವಚನ ಕೊಡುವುದು ಬೇಡ. "ನಿಮಗೂ ನಮಗೂ ಎಲ್ಲಿ ವ್ಯತ್ಯಾಸ?" ಎಂಬ ಪ್ರಶ್ನೆಯನ್ನು ನೇರವಾಗಿ ಕೇಳುವ ಸಂದರ್ಶನವೇ ಒಳ್ಳೆಯ ಸಂದರ್ಶನ.

ದನಿ ಯಾರ ಕೈಯಲ್ಲಿದೆ?

ಪ್ರಸಾರದಲ್ಲಿ ಮಾತಿನಷ್ಟೇ ಮುಖ್ಯವಾದದ್ದು ಅದು ಯಾರ ಕೈಯಲ್ಲಿದೆ ಎಂಬುದು. ಸ್ವರ್ಣಮಂದಿರದ ಕೀರ್ತನೆ ರೇಡಿಯೊದಲ್ಲಿ ಬರಬೇಕೆಂಬುದು ಒಂದು ಕಾಲದಲ್ಲಿ ಅಕಾಲಿ ಚಳವಳಿಯ ಬೇಡಿಕೆಗಳಲ್ಲಿ ಒಂದಾಗಿತ್ತು. 1983ರಲ್ಲಿ ಇಂದಿರಾ ಗಾಂಧಿ ಸರ್ಕಾರ ಜಲಂಧರ್ ಆಕಾಶವಾಣಿಯ ಮೂಲಕ ಅದಕ್ಕೆ ಒಪ್ಪಿತು. ನಲವತ್ತು ವರ್ಷದ ಮೇಲೆ ಅದೇ ಪ್ರಶ್ನೆ ಟಿವಿಯ ರೂಪದಲ್ಲಿ ಬಂತು. ಒಂದು ಖಾಸಗಿ ವಾಹಿನಿಗೆ ಮಾತ್ರ ಪ್ರಸಾರದ ಹಕ್ಕು ಇರುವುದು ಸರಿಯಲ್ಲವೆಂದು ಪಂಜಾಬ್ ವಿಧಾನಸಭೆ 2023ರ ಜೂನ್ 20ರಂದು 1925ರ ಗುರುದ್ವಾರ ಕಾಯ್ದೆಗೆ ತಿದ್ದುಪಡಿ ತರುವ ಮಸೂದೆ ಅಂಗೀಕರಿಸಿತು. ಗುರುಬಾನಿ ಎಲ್ಲರಿಗೂ ಉಚಿತವಾಗಿ ಸಿಗಬೇಕೆಂಬುದು ಸರ್ಕಾರದ ವಾದ. ನಮ್ಮ ಧಾರ್ಮಿಕ ಆಡಳಿತದಲ್ಲಿ ಸರ್ಕಾರ ಕೈಹಾಕಬಾರದೆಂಬುದು ಶಿರೋಮಣಿ ಗುರುದ್ವಾರ ಪ್ರಬಂಧಕ ಸಮಿತಿಯ ವಾದ. ಮುಂದಿನ ತಿಂಗಳು ಸಮಿತಿ ತನ್ನದೇ ಯೂಟ್ಯೂಬ್ ಚಾನೆಲ್ ಶುರು ಮಾಡಿತು.

ಇದರಿಂದ ನಮಗೆ ತಿಳಿಯುವುದು ಇಷ್ಟು: ಹಾಡು ಎಲ್ಲರದಾದರೂ ಅದನ್ನು ತಲುಪಿಸುವ ಕೊಳವೆ ಒಬ್ಬರದ್ದೇ ಆಗಿದ್ದರೆ ಜಗಳ ತಪ್ಪದು.

ಗಡಿಯ ಮನೆಗಳಿಗೆ ಏನು ತಲುಪುತ್ತಿದೆ?

ನಮ್ಮ ಹಿರಿಯರಿಗೆ ದಾಸರ ಪದ ಬಂದದ್ದು ಮನೆಯ ಅಜ್ಜಿಯಿಂದ, ಭಜನಾ ಮಂಡಳಿಯಿಂದ ಮತ್ತು ರೇಡಿಯೊದಿಂದ. ಜತ್ತ, ಅಕ್ಕಲಕೋಟೆಯವರಿಗೆ ಧಾರವಾಡ, ಕಲಬುರಗಿ; ಕಾಸರಗೋಡಿನವರಿಗೆ ಮಂಗಳೂರು. ಮೀಡಿಯಂ ವೇವ್ ಅಲೆ ರಾಜ್ಯದ ಗಡಿ ನೋಡುವುದಿಲ್ಲ, ರಾತ್ರಿ ಹೊತ್ತು ಇನ್ನೂ ದೂರ ಹೋಗುತ್ತದೆ. ಎಫ್‌ಎಂ ಹಾಗಲ್ಲ, ಅದು ಹತ್ತಿರದ ಮಿತ್ರ. 2023ರ ಏಪ್ರಿಲ್ 28ರಂದು ಪ್ರಧಾನಿ ಉದ್ಘಾಟಿಸಿದ ಆಕಾಶವಾಣಿಯ 91 ಎಫ್‌ಎಂ ಪ್ರಸಾರಕಗಳು ತಲಾ 100 ವ್ಯಾಟಿನವು, ಅವು ತಲುಪುವುದು ಊರು ಮತ್ತು ಸುತ್ತಮುತ್ತಲಿಗೆ. 2024ರ ಆಗಸ್ಟಿನಲ್ಲಿ ಕೇಂದ್ರ ಸಂಪುಟ 234 ಹೊಸ ಊರುಗಳಿಗೆ 730 ಖಾಸಗಿ ಎಫ್‌ಎಂ ವಾಹಿನಿಗಳ ಹರಾಜಿಗೆ ಒಪ್ಪಿಗೆ ಕೊಟ್ಟಿತು. ಪಟ್ಟಿಯಲ್ಲಿ ಆದೋನಿಯೂ ಇದೆ. ಮಾತೃಭಾಷೆಯಲ್ಲಿ ಸ್ಥಳೀಯ ಕಾರ್ಯಕ್ರಮ ಹೆಚ್ಚಲಿ ಎಂಬುದು ಅದರ ಉದ್ದೇಶ. ಆದರೆ ಆದೋನಿಯಲ್ಲಿ "ಮಾತೃಭಾಷೆ" ಎಂದರೆ ತೆಲುಗು ಮಾತ್ರವೋ, ಕನ್ನಡವೂ ಹೌದೋ? ಈ ಪ್ರಶ್ನೆಯನ್ನು ನಾವು ಎತ್ತದಿದ್ದರೆ ಬೇರೆ ಯಾರೂ ಎತ್ತುವುದಿಲ್ಲ.

ಇನ್ನೊಂದು ದಾರಿ ಸಮುದಾಯ ರೇಡಿಯೊ. ಸರ್ಕಾರದ ನೀತಿಯ ಪ್ರಕಾರ ಕನಿಷ್ಠ ಮೂರು ವರ್ಷ ಸಮಾಜಸೇವೆ ಮಾಡಿದ, ಲಾಭದ ಉದ್ದೇಶವಿಲ್ಲದ ನೋಂದಾಯಿತ ಸಂಸ್ಥೆಗಳು ಅರ್ಜಿ ಹಾಕಬಹುದು. ಅರ್ಧದಷ್ಟಾದರೂ ಕಾರ್ಯಕ್ರಮ ಸ್ಥಳೀಯವಾಗಿ ತಯಾರಾಗಬೇಕು. ಯಾವ ಧರ್ಮವನ್ನೂ, ಸಮುದಾಯವನ್ನೂ ಹೀಯಾಳಿಸುವಂತಿಲ್ಲ. ಜಹೀರಾಬಾದ್ ಹತ್ತಿರದ ಮಾಚನೂರಿನಲ್ಲಿ ದಲಿತ ಮಹಿಳೆಯರು 2008ರಿಂದ ಸಂಗಂ ರೇಡಿಯೊ ನಡೆಸಿ ತೋರಿಸಿದ್ದಾರೆ. ವಯನಾಡಿನಲ್ಲಿ ರೇಡಿಯೊ ಮಾಟ್ಟೊಲಿ ಇದೆ. ಹೊಸ ಕೇಂದ್ರ ತೆರೆಯುವ ಶಕ್ತಿ ಇಂದು ನಮಗಿಲ್ಲ. ಆದರೆ ಇರುವ ಕೇಂದ್ರಗಳ ಬಾಗಿಲು ತಟ್ಟಿ ವಾರಕ್ಕೆ ಅರ್ಧ ಗಂಟೆ ಕನ್ನಡಕ್ಕೆ ಕೇಳಬಹುದು. ಬರಿಗೈಯಲ್ಲಿ ಹೋದರೆ ಕೊಡುವುದಿಲ್ಲ. ತಯಾರಾದ ಒಳ್ಳೆಯ ಕಾರ್ಯಕ್ರಮ ಹಿಡಿದು ಹೋದರೆ ಕೇಳಿಸಿಕೊಳ್ಳುತ್ತಾರೆ.

ನಮ್ಮ ನಿಲುವು

ಹಾಗಾಗಿ ಸಲಹೆಯನ್ನು ನಾವು ಒಪ್ಪುತ್ತೇವೆ, ಮೂರು ಷರತ್ತುಗಳೊಂದಿಗೆ. ಮಾತು ಕನ್ನಡದಲ್ಲಿರಲಿ, ಪದಗಳು ಮೂಲ ಭಾಷೆಯಲ್ಲಿ ಹಾಡಲ್ಪಡಲಿ, ಅರ್ಥವನ್ನು ಕನ್ನಡದಲ್ಲಿ ಹೇಳಲಿ. ಎರಡೂ ಪರಂಪರೆಯವರಿಗೆ ಸಮಾನ ಸಮಯವಿರಲಿ, ಪ್ರಸಾರಕ್ಕೆ ಮೊದಲು ಇಬ್ಬರೂ ಧ್ವನಿಮುದ್ರಣ ಕೇಳಿ ಒಪ್ಪಲಿ. ಧ್ವನಿಮುದ್ರಣದ ಪ್ರತಿ ಸಂಘದಲ್ಲಿ ಉಳಿಯಲಿ, ಯಾವ ಊರಿನ ಕೇಂದ್ರ ಕೇಳಿದರೂ ಉಚಿತವಾಗಿ ಸಿಗಲಿ.

"ಧರ್ಮದ ವಿಷಯ ಬೇಡ" ಎಂದ ಹಿರಿಯರ ಆತಂಕವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ನಾವು ಸುಮ್ಮನಿದ್ದರೆ ಧರ್ಮದ ಮಾತು ನಿಲ್ಲುವುದಿಲ್ಲ. ಮೊಬೈಲಿನಲ್ಲಿ ದಿನವಿಡೀ ಬರುತ್ತಲೇ ಇದೆ, ಹೆಚ್ಚಾಗಿ ಸಿಟ್ಟಿನ ದನಿಯಲ್ಲಿ. ನಮ್ಮ ಮಕ್ಕಳಿಗೆ ನಾಮದೇವರ ಹೆಸರು ಆ ದನಿಯಲ್ಲಿ ಮೊದಲು ಕೇಳಿಸಬೇಕೋ, ಅಜ್ಜಿಯ ದನಿಯಲ್ಲೋ?

ಮುಂದಿನ ಮಾಸಿಕ ಸಭೆಯಲ್ಲಿ ಇದನ್ನು ಚರ್ಚಿಸಿ ತೀರ್ಮಾನಿಸೋಣ. ಅಷ್ಟರೊಳಗೆ ಸದಸ್ಯರು ಒಂದು ಕೆಲಸ ಮಾಡಬೇಕು. ನಿಮ್ಮ ಮನೆಯ ಹಿರಿಯರಿಗೆ ನೆನಪಿರುವ ಒಂದು ದಾಸರ ಪದವನ್ನೋ, ವಾರಕರಿ ಹಾಡನ್ನೋ, ಝೀರಾದಲ್ಲಿ ಕೇಳಿ ಕಲಿತ ಶಬದ್ ಅನ್ನೋ ಮೊಬೈಲಿನಲ್ಲಿ ಮುದ್ರಿಸಿ ತನ್ನಿ. ಫ್ಯಾನು ನಿಲ್ಲಿಸಿ, ಕಿಟಕಿ ಮುಚ್ಚಿ, ನಿಧಾನವಾಗಿ ಹಾಡಿಸಿ. ಯಾರಿಂದ ಕಲಿತರು, ಯಾವ ಊರಿನಲ್ಲಿ ಎಂಬುದನ್ನೂ ಅವರ ಬಾಯಿಂದಲೇ ಹೇಳಿಸಿ. ಕಾರ್ಯಕ್ರಮ ಶುರುವಾಗುವುದು ಅಲ್ಲಿಂದ.